ದೇವರು ನಂಬಿಗಸ್ತನು, ಸರಿ. ಮೂರು ವರ್ಷದಿಂದ ಫೋನಿನ ಪಕ್ಕ ಕೂತವಳು ಏನಂತ ಪ್ರಾರ್ಥಿಸಬೇಕು?

ಎಚ್ಚರವಿದ್ದವಳು
ಎಲ್ಲರಿಗೂ ವಂದನೆ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದುತ್ತಾ ಇದ್ದೇನೆ. ಬರೆಯುವುದು ಇದೇ ಮೊದಲು. ಉದ್ದವಾದರೆ ಕ್ಷಮಿಸಿ.

ನನ್ನ ಗಂಡನ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಮೂರು ಸಲ ಡಯಾಲಿಸಿಸ್, ಒಂದೊಂದು ಸಲ ನಾಲ್ಕು ಗಂಟೆ. ಮನೆಯವರಲ್ಲಿ ಯಾರದ್ದೂ ಹೊಂದಲಿಲ್ಲ. ನಾನು ಕೊಡೋಣ ಅಂದರೆ ನನಗೇ ಸಕ್ಕರೆ ಕಾಯಿಲೆ. ಹಾಗಾಗಿ ವೇಟಿಂಗ್ ಲಿಸ್ಟ್. ಇವತ್ತಿಗೆ ಮೂರು ವರ್ಷ ನಾಲ್ಕು ತಿಂಗಳು. ಅವತ್ತಿನಿಂದ ನನ್ನ ಫೋನು ಸೈಲೆಂಟ್ ಆಗಿಲ್ಲ. ಸ್ನಾನಕ್ಕೆ ಹೋದರೂ ಬಾಗಿಲ ಹೊರಗೆ ಸ್ಟೂಲಿನ ಮೇಲೆ ಇಟ್ಟು ಹೋಗುತ್ತೇನೆ.

ಕಳೆದ ವರ್ಷ ಒಂದು ಸಲ ಕರೆ ಬಂತು. ರಾತ್ರಿ ಎರಡು ಗಂಟೆ. ಓಡಿದೆವು. ಅಲ್ಲಿ ಇನ್ನೊಬ್ಬರನ್ನೂ ಕರೆಸಿದ್ದರು. ಕ್ರಾಸ್‌ಮ್ಯಾಚ್ ಅಂತ ರಕ್ತ ಹೊಂದುತ್ತದಾ ನೋಡುವ ಪರೀಕ್ಷೆ, ಅದರಲ್ಲಿ ಅವರಿಗೆ ಹೊಂದಿತು, ನಮಗಿಲ್ಲ. ಬೆಳಕು ಹರಿಯುವ ಹೊತ್ತಿಗೆ ವಾಪಸ್ ಹೊರಟೆವು. ಅವರ ಹೆಂಡತಿ ನನ್ನ ಕೈ ಹಿಡಿದು "ನಮಗೋಸ್ಕರ ಪ್ರಾರ್ಥನೆ ಮಾಡಿ" ಅಂದರು. ಮಾಡಿದೆ. ಸುಳ್ಳು ಯಾಕೆ, ಹಲ್ಲು ಕಚ್ಚಿಕೊಂಡು ಮಾಡಿದೆ.

ಈಗ ನನ್ನ ತೊಂದರೆ. "ದೇವರ ಸಮಯಕ್ಕೆ ಕಾಯಿರಿ, ಆತ ನಂಬಿಗಸ್ತ" ಅಂತ ಎಲ್ಲರೂ ಹೇಳುತ್ತಾರೆ. ಈ ಮಾತು ಕೇಳಿ ಕೇಳಿ ಕಿವಿ ದಡ್ಡುಗಟ್ಟಿದೆ, ದಯವಿಟ್ಟು ಇಲ್ಲಿ ಬೇಡ. ಆತ ನಂಬಿಗಸ್ತ ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಯಾವ ಮಾತಿಗೆ? ಮಗ ಹುಟ್ಟುತ್ತಾನೆ ಅಂತ ಅಬ್ರಹಾಮನಿಗೆ ಮಾತು ಕೊಟ್ಟಿದ್ದ. ಕಿಡ್ನಿ ಕೊಡುತ್ತೇನೆ ಅಂತ ನನಗೆ ಎಲ್ಲೂ ಹೇಳಿಲ್ಲ. ಕೊಡದೇ ಇರುವ ಮಾತನ್ನು ಹಿಡಿದುಕೊಂಡು ಕಾಯುವುದು ಹೇಗೆ?

ಇನ್ನೊಂದು ವಿಷಯ ಸಭೆಯಲ್ಲಿ ಯಾರಿಗೂ ಹೇಳಿಲ್ಲ. ನಮ್ಮ ಫೋನು ರಿಂಗಾಗಬೇಕಾದರೆ ಎಲ್ಲೋ ಒಂದು ಮನೆಯಲ್ಲಿ ಯಾರೋ ಸಾಯಬೇಕು. "ಕರ್ತನೇ, ಬೇಗ" ಅನ್ನಲು ಹೋದರೆ ಬಾಯಿ ಕಟ್ಟುತ್ತದೆ. ನಾನು ಕೇಳುತ್ತಿರುವುದು ಏನನ್ನು? ಈಗೀಗ ಪ್ರಾರ್ಥನೆಯೇ ಬರುವುದಿಲ್ಲ.

ಸಾಸಿವೆಕಾಳು
ಕುಗ್ಗಬೇಡಿ ಸಿಸ್ಟರ್. ದೇವರ ಸಮಯ ಯಾವತ್ತೂ ತಪ್ಪುವುದಿಲ್ಲ. ಯೆರೆಮೀಯ 29:11 ದಿನಾ ಬೆಳಿಗ್ಗೆ ಹೇಳಿಕೊಳ್ಳಿ. ಆತನ ಆಲೋಚನೆ ನಮ್ಮ ಹಿತಕ್ಕೇ. ಆಮೆನ್.

ಯೋನ_ಮೀನಿನೊಳಗಿಂದ
ಬೇಡ ಅಂದ ಮಾತೇ ಮೊದಲ ಉತ್ತರ. ಮಾರಾಯರೇ, ಪೂರ್ತಿ ಓದಿದಿರಾ?

ಸಾಸಿವೆಕಾಳು
ಓದಿದೆ ಬ್ರದರ್. ವಾಕ್ಯಕ್ಕಿಂತ ದೊಡ್ಡ ಸಮಾಧಾನ ಬೇರೆ ಏನಿದೆ?

ಹಳೇ_ಬತ್ತಿ
ವಾಕ್ಯವೇ ಸಮಾಧಾನ, ಒಪ್ಪಿದೆ. ನನ್ನ ತಕರಾರು ಏನಂದರೆ, 11ನೇ ವಚನ ಹೇಳುವವರು 10ನೆಯದನ್ನು ನುಂಗಿಬಿಡುತ್ತಾರೆ. ಪ್ರಸಂಗ ಮಾಡುವಾಗ ನಾನೂ ನುಂಗಿದ್ದೇನೆ, ಬಹಳ ವರ್ಷ. ಅಲ್ಲಿ ಇರುವುದು 70 ವರ್ಷದ ಲೆಕ್ಕ. ಬಾಬೆಲಿಗೆ ಸೆರೆ ಹೋದವರಿಗೆ ಬರೆದ ಕಾಗದ ಅದು. ಓದುವುದನ್ನು ಕೇಳಿಸಿಕೊಂಡ ಮೂವತ್ತರ ಮನುಷ್ಯ ಬೆರಳು ಮಡಿಸಿ ಎಣಿಸಿದರೆ ಸಾಕು, ತಾನು ಊರಿಗೆ ವಾಪಸ್ ಹೋಗುವುದಿಲ್ಲ ಅಂತ ಅಲ್ಲೇ ಗೊತ್ತಾಗುತ್ತದೆ. "ಹಿತದ ಆಲೋಚನೆ" ಅನ್ನುವುದನ್ನು ಹೇಳಿದ್ದು ಅಂಥವನಿಗೆ.

ಅದೇ ಕಾಗದದ 5, 6ನೇ ವಚನ ನೋಡಿ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ. ಅಂದರೆ ಗಂಟು ಮೂಟೆ ಕಟ್ಟಿಕೊಂಡು ಬಾಗಿಲಲ್ಲಿ ಕೂರಬೇಡಿ ಅಂತ.

ಎಚ್ಚರವಿದ್ದವಳು
ಅಂಕಲ್, ನಮ್ಮ ಮನೆಯಲ್ಲಿ ನಿಜವಾಗಲೂ ಬಾಗಿಲ ಹತ್ತಿರ ಬ್ಯಾಗು ಇದೆ. ರಿಪೋರ್ಟಿನ ಫೈಲು, ಒಂದು ಜೊತೆ ಬಟ್ಟೆ, ಚಾರ್ಜರ್. ಮೂರು ವರ್ಷದಿಂದ.

ಹಳೇ_ಬತ್ತಿ
ಬ್ಯಾಗು ಇರಲಿ ಮಗಳೇ. ಬ್ಯಾಗಿನ ಪಕ್ಕ ನೀನು ಕೂರಬೇಡ, ಅಷ್ಟೇ.

ಗಿದ್ಯೋನನ_ಉಣ್ಣೆ
ಎರಡನೇ ಪ್ರಶ್ನೆಯನ್ನು ಎಲ್ಲರೂ ಸುತ್ತು ಹಾಕಿಕೊಂಡು ಹೋಗುತ್ತಿದ್ದೀರಿ, ಗಮನಿಸಿದಿರಾ? ನನಗೂ ಉತ್ತರ ಗೊತ್ತಿಲ್ಲ. ಕಾಯುತ್ತಿದ್ದೇನೆ.

ಕಲ್ಲುಬಂಡೆ
ಸ್ವಲ್ಪ ಖಾರವಾಗಿ ಹೇಳುತ್ತೇನೆ, ಬೇಜಾರಾಗಬೇಡಿ. ಇಸ್ರಾಯೇಲ್ಯರು ಅರಣ್ಯದಲ್ಲಿ 40 ವರ್ಷ ಸುತ್ತಿದ್ದು ಗೊಣಗಿದ್ದಕ್ಕೆ. "ಪ್ರಾರ್ಥನೆ ಬರುವುದಿಲ್ಲ" ಅನ್ನುವುದು ಗೊಣಗಾಟದ ಮೊದಲ ಮೆಟ್ಟಿಲು. ಬಾಯಿ ಬರದಿದ್ದರೂ ಸ್ತುತಿ ಮಾಡಿ. ಉಳಿದದ್ದು ತಾನಾಗೇ ಬರುತ್ತದೆ. ತಾಳಿದವನು ಬಾಳಿಯಾನು ಅಂತ ಗಾದೆಯೇ ಇದೆಯಲ್ಲ.

ಯೋನ_ಮೀನಿನೊಳಗಿಂದ
ಆ ಗಾದೆ ಬೈಬಲಿನಲ್ಲಿ ಎಷ್ಟನೇ ಅಧ್ಯಾಯ ಅಣ್ಣ?

ರಾತ್ರಿಪಾಳಿ
ಕಲ್ಲುಬಂಡೆ ಅಣ್ಣ, ಅವರು ಗೊಣಗಿದ್ದು ಡೇರೆಯೊಳಗೆ ಕೂತು, ಒಬ್ಬರಿಗೊಬ್ಬರು. ಐಗುಪ್ತಕ್ಕೇ ವಾಪಸ್ ಹೋಗೋಣ ಅಂದರು. ದೇವರ ಮುಖಕ್ಕೇ ಹೇಳುವುದು ಬೇರೆ ವಿಷಯ. 13ನೇ ಕೀರ್ತನೆ ತೆಗೆಯಿರಿ. ಮೊದಲ ಎರಡು ವಚನದಲ್ಲೇ "ಎಷ್ಟರವರೆಗೆ" ಅಂತ ನಾಲ್ಕು ಸಲ ಕೇಳುತ್ತಾನೆ. 88ನೆಯದು ಕತ್ತಲಲ್ಲೇ ಮುಗಿಯುತ್ತದೆ. ಕೊನೆಗೆ ನೆಪಕ್ಕೂ ಒಂದು ಸ್ತುತಿ ಇಲ್ಲ. ಅದನ್ನು ಯಾರೂ ಕಿತ್ತು ಹಾಕಲಿಲ್ಲ, ಅಲ್ವಾ?

ಕರುಣೆ ದಿನದಿನವೂ ಹೊಸದು ಅನ್ನುವ ಮಾತು ಎಲ್ಲರ ಮನೆ ಗೋಡೆಯ ಮೇಲೂ ಇದೆ. ಪ್ರಲಾಪಗಳು 3:22, 23. ಅದರ ಮೇಲಿನ ಇಪ್ಪತ್ತು ವಚನ ಯಾರೂ ಫ್ರೇಮ್ ಹಾಕಿಸುವುದಿಲ್ಲ. ದೇವರು ಕರಡಿಯ ಹಾಗೆ ಹೊಂಚು ಹಾಕಿದ್ದಾನೆ ಅಂತ ಇದೆ ಅಲ್ಲಿ. ಹಲ್ಲಿಗೆ ಕಲ್ಲು ಸಿಕ್ಕಿಸಿ ಪುಡಿ ಮಾಡಿದ ಅಂತ ಇದೆ. ಎಷ್ಟು ಕೂಗಿದರೂ ನನ್ನ ಪ್ರಾರ್ಥನೆ ಒಳಗೆ ಬಿಡುವುದಿಲ್ಲ ಅಂತ ಇದೆ. ಯೆರೂಸಲೇಮ್ ಸುಟ್ಟು ಬೂದಿಯಾದ ಮೇಲಿನ ಮಾತು ಅದು. ಬಾಯಿ ಕಟ್ಟಿದ್ದು ನಿಮಗೊಬ್ಬರಿಗೇ ಅಲ್ಲ ಅಕ್ಕ.

ಕಲ್ಲುಬಂಡೆ
ಆದರೂ ಪ್ರಲಾಪಗಳು ಕೊನೆಗೆ ಭರವಸೆಗೇ ಬಂದು ನಿಲ್ಲುತ್ತದೆ. ಅದನ್ನೂ ಹೇಳಿ.

ಪದಕೋಶ
ಕೊನೆಗಲ್ಲ ಸಾರ್, ನಡುವೆ. ಒಟ್ಟು ಐದು ಅಧ್ಯಾಯ, ಭರವಸೆಯ ಮಾತು ಬರುವುದು ಮೂರನೆಯದರಲ್ಲಿ. ಐದನೆಯದರ ಕೊನೇ ವಚನ "ನಮ್ಮನ್ನು ಪೂರ್ತಿ ತಳ್ಳಿಯೇ ಬಿಟ್ಟೆಯಾ" ಅನ್ನುವ ಧಾಟಿಯಲ್ಲಿ ನಿಂತುಬಿಡುತ್ತದೆ.

ಇನ್ನೊಂದು. ಮೂರನೇ ಅಧ್ಯಾಯಕ್ಕೆ 66 ವಚನ. ಹೀಬ್ರೂವಿನಲ್ಲಿ 22 ಅಕ್ಷರ, ಒಂದೊಂದು ಅಕ್ಷರದಿಂದ ಮೂರು ಮೂರು ವಚನ ಶುರುವಾಗುತ್ತವೆ. ಅಳುವಾಗಲೂ ಅಕ್ಷರಮಾಲೆ ಹಿಡಿದುಕೊಂಡು ಅತ್ತಿದ್ದಾನೆ ಪುಣ್ಯಾತ್ಮ. ಕತ್ತಲಲ್ಲಿ ಮೆಟ್ಟಿಲಿಳಿಯುವಾಗ ಕಂಬಿ ಹಿಡಿದುಕೊಳ್ಳುತ್ತೇವಲ್ಲ, ಹಾಗೆ.

ಯೋನ_ಮೀನಿನೊಳಗಿಂದ
ಇವರು ಬಂದರು ಅಂದರೆ ಹೀಬ್ರೂ ಪಾಠ ಶುರು. ಕುರ್ಚಿ ಎಳೆದುಕೊಳ್ಳಿ ಎಲ್ಲರೂ.

ಜಯದ_ಕಹಳೆ
ಸಹೋದರೀ, ಇದನ್ನು ಓದುವಾಗಲೇ ಆತ್ಮನು ನನ್ನೊಂದಿಗೆ ಮಾತಾಡಿದನು. ಎರಡೇ ತಿಂಗಳು! ಹೊಸ ಕಿಡ್ನಿ ಒಳಗಿನಿಂದಲೇ ಹುಟ್ಟುತ್ತದೆ. ಮೆಷಿನ್ನಿಗೆ ಹೋಗುವುದೇ ಅಪನಂಬಿಕೆ. ಈ ವಾರದಿಂದಲೇ ಬಿಟ್ಟು ನೋಡಿ. ನನಗೆ ಪ್ರೈವೇಟ್ ಮೆಸೇಜ್ ಮಾಡಿ, ಅಭಿಷೇಕದ ಎಣ್ಣೆ ಕಳಿಸುತ್ತೇನೆ.

ನಾಲ್ಕು_ಗಂಟೆ
ನಾನು ಡಯಾಲಿಸಿಸ್ ಟೆಕ್ನಿಷಿಯನ್. ಮೆಷಿನ್ ಬಿಟ್ಟರೆ ಏನಾಗುತ್ತದೆ ಗೊತ್ತಾ ಸ್ವಾಮಿ? ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಹೃದಯ ನಿಲ್ಲುತ್ತದೆ. ಶ್ವಾಸಕೋಶಕ್ಕೆ ನೀರು ತುಂಬಿ ಮಲಗಲು ಆಗುವುದಿಲ್ಲ, ಕೂತೇ ಏದುಸಿರು ಬಿಡುತ್ತಾರೆ. ಇಂಥದ್ದೇ ಮಾತು ಕೇಳಿ ಎರಡು ಸೆಷನ್ ತಪ್ಪಿಸಿದವರೊಬ್ಬರನ್ನು ಸ್ಟ್ರೆಚರ್ ಮೇಲೆ ತಂದರು. ನನ್ನ ಕೈಯಾರೆ ಮೆಷಿನ್ನಿಗೆ ಹಾಕಿದ್ದೇನೆ. ಅಕ್ಕ, ಒಂದು ಸೆಷನ್ ಕೂಡ ತಪ್ಪಿಸಬೇಡಿ.

ಹಳೇ_ಬತ್ತಿ
ಯೆರೆಮೀಯ 28 ಓದಿ ಕಹಳೆಯವರೇ. ಹನನ್ಯ ಅಂತ ಒಬ್ಬ ಇದ್ದ. ಯೆರೆಮೀಯ 70 ವರ್ಷ ಅಂದರೆ ಇವನು ಎರಡೇ ವರ್ಷ ಅಂದ. ಜನಕ್ಕೆ ಯಾರು ಇಷ್ಟವಾಗಿರಬೇಕು ಹೇಳಿ? ಯೆರೆಮೀಯನ ಹೆಗಲ ಮೇಲಿದ್ದ ನೊಗವನ್ನೂ ಎಲ್ಲರ ಮುಂದೆ ಮುರಿದು ಹಾಕಿದ. ಅದೇ ವರ್ಷ ಸತ್ತ. ಕರ್ತನ ಹೆಸರಲ್ಲಿ ತಾರೀಕು ಕೊಡುವ ಮುಂಚೆ ಆ ಅಧ್ಯಾಯ ಒಂದು ಸಲ ಓದಿಕೊಳ್ಳುವುದು ಒಳ್ಳೆಯದು.

ನಿರ್ವಾಹಕ
ಚಿಕಿತ್ಸೆ ಬಿಡಿ ಎನ್ನುವ ಸಲಹೆಗೆ ಇಲ್ಲಿ ಜಾಗವಿಲ್ಲ. ಜಯದ_ಕಹಳೆ ಅವರ ಖಾತೆಯನ್ನು ತಡೆಹಿಡಿಯಲಾಗಿದೆ. ಬರಹವನ್ನು ಅಳಿಸಿಲ್ಲ, ಕೆಳಗಿನ ಉತ್ತರಗಳು ಉಪಯೋಗಕ್ಕೆ ಬರುತ್ತವೆ.

ಗಿದ್ಯೋನನ_ಉಣ್ಣೆ
ಅರಸನಾದ ಹಿಜ್ಕೀಯನಿಗೆ ಇನ್ನೂ 15 ವರ್ಷ ಆಯಸ್ಸು ಕೊಡುತ್ತೇನೆ ಅಂತ ದೇವರೇ ಹೇಳಿದ ಮೇಲೂ, ಯೆಶಾಯ ಅಂಜೂರದ ಮುದ್ದೆ ತರಿಸಿ ಹುಣ್ಣಿನ ಮೇಲೆ ಇಡಿಸಿದ. ಔಷಧ ಅಪನಂಬಿಕೆಯಾಗಿದ್ದರೆ ಪ್ರವಾದಿಯೇ ಯಾಕೆ ತರಿಸುತ್ತಿದ್ದ?

ಯೋನ_ಮೀನಿನೊಳಗಿಂದ
ಆ 15 ವರ್ಷದಲ್ಲೇ ಮನಸ್ಸೆ ಹುಟ್ಟಿದ್ದು. 12ನೇ ವಯಸ್ಸಿಗೆ ಪಟ್ಟಕ್ಕೆ ಬಂದು ದೇಶವನ್ನೇ ಹಾಳು ಮಾಡಿದವನು. ಕೇಳಿದ್ದು ಸಿಕ್ಕಿದ ಮೇಲೂ ಕಥೆ ಇರುತ್ತದೆ.

ರಾತ್ರಿಪಾಳಿ
ಈಗ ಆ ಪಾಠ ಬೇಕಿತ್ತಾ?

ಯೋನ_ಮೀನಿನೊಳಗಿಂದ
ಬೇಕಿರಲಿಲ್ಲ. ಕ್ಷಮಿಸಿ ಅಕ್ಕ.

ದಾರಿಹೋಕ
ನಾನು ಕ್ರೈಸ್ತನಲ್ಲ, ಬೇರೆ ಏನೋ ಹುಡುಕುತ್ತಾ ಇಲ್ಲಿಗೆ ಬಂದೆ. ಓದುತ್ತಾ ನನಗೆ ಶಬರಿ ನೆನಪಾದಳು. ರಾಮ ಬರುತ್ತಾನೆ ಅಂತ ಗುರು ಹೇಳಿದ ಒಂದೇ ಮಾತಿನ ಮೇಲೆ ಮುದುಕಿಯಾಗುವವರೆಗೆ ಕಾದಳು. ಆದರೆ ಈ ತಾಯಿ ಹೇಳುವುದು ಸರಿ. ಶಬರಿಗೆ ಮಾತು ಇತ್ತು, ಇವರಿಗಿಲ್ಲ. ಹಾಗಾಗಿ ಇವರದ್ದು ಹೆಚ್ಚು ಕಷ್ಟದ ಕಾಯುವಿಕೆ.

ಒಂದು ಪ್ರಶ್ನೆ, ಕೆಣಕಲು ಅಲ್ಲ. ಅಷ್ಟು ಕರುಣೆಯ ದೇವರಾದರೆ ಕಿಡ್ನಿ ಹೋಗಿದ್ದು ಯಾಕೆ?

ರಾತ್ರಿಪಾಳಿ
ಗೊತ್ತಿಲ್ಲ. ನರ್ಸ್ ಆಗಿ ಹನ್ನೊಂದು ವರ್ಷ. ಗೊತ್ತು ಅಂದವರನ್ನು ನಾನು ಜಾಸ್ತಿ ನಂಬುವುದಿಲ್ಲ.

ಗಿದ್ಯೋನನ_ಉಣ್ಣೆ
ಅಪೊಸ್ತಲರ ಕೃತ್ಯಗಳು 12. ಹೆರೋದ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ. ಆಮೇಲೆ ಪೇತ್ರನನ್ನು ಹಿಡಿಸಿದ. ಪೇತ್ರನನ್ನು ರಾತ್ರೋರಾತ್ರಿ ದೂತ ಬಂದು ಬಿಡಿಸಿದ. ಅದೇ ಅರಸ, ಅದೇ ಸಭೆ, ಅದೇ ದೇವರು. ಒಬ್ಬ ಯಾಕೆ ಹೋದ, ಇನ್ನೊಬ್ಬ ಯಾಕೆ ಬಂದ ಅಂತ ಲೂಕ ಒಂದು ಸಾಲೂ ಬರೆಯಲಿಲ್ಲ. ಪೇತ್ರ ಬಿಡುಗಡೆಯಾದ ರಾತ್ರಿ ಯಾಕೋಬನ ಮನೆಯವರು ಏನು ಮಾಡುತ್ತಿದ್ದರೋ ಅಂತ ನನಗೆ ಆಗಾಗ ಅನಿಸುತ್ತದೆ.

ಯೋನ_ಮೀನಿನೊಳಗಿಂದ
ಪೇತ್ರ ಬಂದು ಬಾಗಿಲು ತಟ್ಟಿದಾಗ ರೋದೆ ಅನ್ನುವ ಹುಡುಗಿ ಖುಷಿಗೆ ಬಾಗಿಲು ತೆಗೆಯುವುದನ್ನೇ ಮರೆತು ಒಳಗೆ ಓಡಿದಳು. ಒಳಗೆ ಅವನಿಗಾಗಿಯೇ ಪ್ರಾರ್ಥನೆ ಮಾಡುತ್ತಿದ್ದವರು "ನಿನಗೆ ಹುಚ್ಚು" ಅಂದರು. ನಂಬಿಕೆ ಕಡಿಮೆ ಇದ್ದರೆ ಉತ್ತರ ಸಿಗುವುದಿಲ್ಲ ಅನ್ನುವವರಿಗೆ ನನ್ನ ಬಳಿ ಇರುವುದು ಇದೊಂದೇ ಕಥೆ. ಹೊರಗೆ ಪೇತ್ರ ಪಾಪ ತಟ್ಟುತ್ತಲೇ ಇದ್ದ.

ಎಚ್ಚರವಿದ್ದವಳು
ನಕ್ಕೆ. ಬಹಳ ದಿನದ ಮೇಲೆ. ಕ್ರಾಸ್‌ಮ್ಯಾಚ್ ರಾತ್ರಿ ನಾನು ಯಾಕೋಬನ ಮನೆಯವಳು. ಆ ಇನ್ನೊಬ್ಬ ಹೆಂಗಸು ರೋದೆ. ಹೀಗೆ ಯೋಚಿಸಿರಲಿಲ್ಲ.

ಹಳೇ_ಬತ್ತಿ
ಮಗಳೇ, ನಿನ್ನ ಮೊದಲ ಪ್ರಶ್ನೆಗೆ ಬರುತ್ತೇನೆ. ನೀನು ಹೇಳಿದ್ದು ಸರಿ. ಕಿಡ್ನಿಯ ಮಾತು ಆತ ಕೊಟ್ಟಿಲ್ಲ. ಕೊಟ್ಟಿದ್ದಾನೆ ಅಂತ ನಾನು ಹೇಳಿದರೆ ಹನನ್ಯನ ಸಾಲಿಗೆ ಸೇರುತ್ತೇನೆ. ಆತ ಕೊಟ್ಟ ಮಾತು ಜೊತೆಗಿರುತ್ತೇನೆ ಅನ್ನುವುದು. ಮತ್ತಾಯ 28ರ ಕೊನೆಯ ವಚನ.

ಯೋನ_ಮೀನಿನೊಳಗಿಂದ
ಅಂಕಲ್, ಸಿಟ್ಟಾಗಬೇಡಿ. "ಕಿಡ್ನಿ ಇಲ್ಲ, ಜೊತೆಗಿರುತ್ತೇನೆ" ಅನ್ನುವುದು ನನಗೆ ಸೋತವರಿಗೆ ಕೊಡುವ ಸಮಾಧಾನಕರ ಬಹುಮಾನದ ಹಾಗೆ ಕೇಳುತ್ತದೆ.

ಹಳೇ_ಬತ್ತಿ
ಸಿಟ್ಟಿಲ್ಲ. ನನಗೂ ಒಂದು ಕಾಲದಲ್ಲಿ ಹಾಗೇ ಕೇಳುತ್ತಿತ್ತು.

ಲಾಜರನ ಕಥೆ ನೋಡು. ಕಾಯಿಲೆ ಅಂತ ಸುದ್ದಿ ಬಂದ ಮೇಲೂ ಯೇಸು ಇದ್ದಲ್ಲೇ ಎರಡು ದಿನ ಉಳಿದ. ಬರುವ ಹೊತ್ತಿಗೆ ಸಮಾಧಿಯಲ್ಲಿ ನಾಲ್ಕು ದಿನ. ಮಾರ್ಥ, ಮರಿಯ ಇಬ್ಬರೂ ಒಂದೇ ಮಾತು ಹೇಳಿದರು: ನೀನು ಇಲ್ಲಿ ಇದ್ದಿದ್ದರೆ ನಮ್ಮ ತಮ್ಮ ಸಾಯುತ್ತಿರಲಿಲ್ಲ. ಅದು ದೂರು. ಆತ ಅವರನ್ನು ಗದರಲಿಲ್ಲ. ಅತ್ತ. ಇನ್ನು ಸ್ವಲ್ಪ ಹೊತ್ತಿಗೆ ಎಬ್ಬಿಸುವವನು ಯಾಕೆ ಅಳಬೇಕು? ಉತ್ತರ ಕೊಡುವುದೊಂದೇ ಕೆಲಸವಾಗಿದ್ದರೆ ಅಳು ದಂಡ. ಲಾಜರ ಎದ್ದ. ಮುಂದೆ ಒಂದು ದಿನ ಅವನೂ ಎಲ್ಲರ ಹಾಗೆ ಸತ್ತಿರಬೇಕು. ಆ ಅಕ್ಕಂದಿರ ಕೈಯಲ್ಲಿ ಆಮೇಲೆ ಉಳಿದದ್ದು ಏನು ಅಂತ ಯೋಚಿಸು.

ಯೋನ_ಮೀನಿನೊಳಗಿಂದ
ಬಹುಮಾನದ ಮಾತು ವಾಪಸ್ ತೆಗೆದುಕೊಂಡೆ. ಅರ್ಧ.

ಫೋನಿನ_ಆಚೆ
ಹೊಸ ಹೆಸರಲ್ಲಿ ಬರೆಯುತ್ತಿದ್ದೇನೆ. ನನ್ನ ಹಳೆಯ ಹೆಸರು ಗೊತ್ತಿರುವವರು ಇಲ್ಲಿದ್ದಾರೆ.

ಎಚ್ಚರವಿದ್ದವಳು ಅಕ್ಕ, ನಾನು ನಿಮ್ಮ ಫೋನಿನ ಆಚೆ ಕಡೆಯವಳು.

ನನ್ನ ತಮ್ಮನಿಗೆ 26. ಬೈಕಿನಿಂದ ಬಿದ್ದ. ಮೂರನೇ ದಿನ ಡಾಕ್ಟರು ಕರೆದು ಬ್ರೇನ್ ಡೆಡ್ ಅಂದರು. ಎದೆ ಏರಿಳಿಯುತ್ತಿತ್ತು, ಕೈ ಬೆಚ್ಚಗಿತ್ತು. ಹೇಗೆ ನಂಬುವುದು? ಎರಡು ಸಲ ಪರೀಕ್ಷೆ ಮಾಡಿದರು. ಆಮೇಲೆ ಒಬ್ಬ ಹೆಂಗಸು ಬಂದು ಪಕ್ಕದಲ್ಲಿ ಕೂತು ಅಂಗದಾನದ ವಿಷಯ ಎತ್ತಿದರು. ಅಪ್ಪ ಎದ್ದು ಹೊರಗೆ ಹೋದರು. ಅಮ್ಮ ಆ ಹೆಂಗಸಿಗೆ ಬಾಯಿಗೆ ಬಂದ ಹಾಗೆ ಬೈದಳು. ಅವರು ಬೈಸಿಕೊಂಡು ಅಲ್ಲೇ ಕೂತಿದ್ದರು.

ಆ ಮೂರು ದಿನ ನಾವೂ ಪ್ರಾರ್ಥಿಸಿದೆವು. ಅದೇ ಹೊತ್ತಿಗೆ ಎಲ್ಲೋ ನಿಮ್ಮಂಥವರು "ಬೇಗ" ಅಂತ ಕೇಳುತ್ತಿದ್ದಿರಬಹುದು. ನಿಮ್ಮ ಪ್ರಾರ್ಥನೆ ನನ್ನ ತಮ್ಮನನ್ನು ಕೊಲ್ಲಲಿಲ್ಲ ಅಕ್ಕ. ಅವನು ಹೋದದ್ದು ಒದ್ದೆ ರಸ್ತೆಯಿಂದ, ಹ್ಯಾಂಡಲ್‌ಗೆ ನೇತುಹಾಕಿದ್ದ ಹೆಲ್ಮೆಟ್‌ನಿಂದ. ಇದನ್ನು ನಾನು ಹೇಳಿದರೆ ನೀವು ನಂಬಬಹುದು ಅಂತ ಬರೆಯುತ್ತಿದ್ದೇನೆ.

ಹೂಂ ಅನ್ನಲು ನಮಗೆ ಐದು ಗಂಟೆ ಹಿಡಿಯಿತು. ಆ ಐದು ಗಂಟೆ ಸಭೆಯವರೆಲ್ಲ ಅವನು ಏಳಲಿ ಅಂತ ಪ್ರಾರ್ಥಿಸುತ್ತಿದ್ದರು. ಆ ಹೊತ್ತು ಮೀರಿತ್ತು ಅಂತ ಅವರಿಗೆ ಗೊತ್ತಿರಲಿಲ್ಲ. ಕಾರಿಡಾರಿನಲ್ಲಿ ಕೂತ ನಮಗೋಸ್ಕರ ಯಾರೂ ಕೇಳುತ್ತಿರಲಿಲ್ಲ. ಅಪ್ಪನೇ ಮೊದಲು ಒಪ್ಪಿದರು. ಯಾಕೆ ಅಂದರೆ "ಸುಮ್ನೆ ಮಣ್ಣಿಗೆ ಯಾಕೆ" ಅಂದರು, ಅಷ್ಟೇ. ದೊಡ್ಡ ಮಾತೇನೂ ಯಾರ ಬಾಯಲ್ಲೂ ಬರಲಿಲ್ಲ.

ಬಾಯಿ ಕಟ್ಟಿದರೆ "ಬೇಗ" ಅನ್ನಬೇಡಿ. ಆ ಕಾರಿಡಾರಿನಲ್ಲಿ ಕೂತಿರುವವರ ಪಕ್ಕ ಒಬ್ಬರಾದರೂ ಇರಲಿ ಅಂತ ಕೇಳಿ. ಅವರು ಹೂಂ ಅಂದರೂ, ಇಲ್ಲ ಅಂದರೂ.

ಅವನ ಕಿಡ್ನಿ ಯಾರಿಗೆ ಹೋಯಿತು ಅಂತ ನಮಗೆ ಹೇಳಲಿಲ್ಲ. ಕೆಲವು ಸಲ ಸಾಲಿನಲ್ಲಿ ನಿಂತಾಗ ಮುಂದಿನವರ ಬೆನ್ನು ನೋಡುತ್ತಾ ನಿಲ್ಲುತ್ತೇನೆ. ದೇವರು ನಮಗೆ ಕರುಣೆ ತೋರಿದ ಅನ್ನಲು ನನಗೆ ಇನ್ನೂ ಬರುವುದಿಲ್ಲ. ತೋರಲಿಲ್ಲ ಅನ್ನಲೂ ಬರುವುದಿಲ್ಲ.

ಗಿದ್ಯೋನನ_ಉಣ್ಣೆ
ಎರಡು ಸಲ ಓದಿದೆ. ಬರೆದದ್ದಕ್ಕೆ ಋಣಿ.

ಯೋನ_ಮೀನಿನೊಳಗಿಂದ
ಇವತ್ತು ನನ್ನ ಕಡೆಯಿಂದ ತಮಾಷೆ ಇಲ್ಲ.

ಎಚ್ಚರವಿದ್ದವಳು
ಈಗ ರಾತ್ರಿ ಮೂರೂವರೆ. ನಿಮ್ಮದನ್ನು ಸಂಜೆಯೇ ಓದಿದೆ, ಉತ್ತರ ಬರೆಯಲು ಕೈ ಬರಲಿಲ್ಲ. ಈಗ ಸ್ವಲ್ಪ ಹೊತ್ತಿಗೆ ಮುಂಚೆ ಬಾಯಿ ಬಂತು. ಎರಡು ನಿಮಿಷ ಇರಬಹುದು. ಕಿಡ್ನಿಯ ವಿಷಯ ಬರಲೇ ಇಲ್ಲ.

ನಿಮ್ಮ ಅಮ್ಮ ಈಗ ಹೇಗಿದ್ದಾರೆ?

ಫೋನಿನ_ಆಚೆ
ಎರಡು ವರ್ಷ ಸಭೆಗೆ ಬರಲಿಲ್ಲ. ಈಗ ಬರುತ್ತಾರೆ. ಹಾಡುವುದಿಲ್ಲ, ಕೂತಿರುತ್ತಾರೆ.

ಕಲ್ಲುಬಂಡೆ
ನಾನು ಮೊದಲು ಬರೆದದ್ದನ್ನು ಅಳಿಸೋಣ ಅನಿಸಿತು. ಅಳಿಸುವುದಿಲ್ಲ, ಇರಲಿ. ಸ್ತುತಿ ಮುಖ್ಯ ಅನ್ನುವುದನ್ನು ನಾನು ಬಿಡುವವನಲ್ಲ. ಆದರೆ ಆ ಅಮ್ಮನ ಪಕ್ಕ ಕೂತು "ಹಾಡಿ" ಅನ್ನಲು ನನಗೆ ಧೈರ್ಯ ಬರುವುದಿಲ್ಲ.

ಪದಕೋಶ
ಹೀಬ್ರೂ ಒಂದೇ ಒಂದು, ಆಮೇಲೆ ಸುಮ್ಮನಾಗುತ್ತೇನೆ. ಪ್ರಲಾಪಗಳು 3:23ರಲ್ಲಿ ದೇವರ ನಂಬಿಗಸ್ತಿಕೆಗೆ ಇರುವ ಪದ "ಎಮುನಾ". ಇದೇ ಪದ ವಿಮೋಚನಕಾಂಡ 17:12ರಲ್ಲಿ ಮನುಷ್ಯನ ಕೈಗೆ ಬರುತ್ತದೆ. ಅಮಾಲೇಕ್ಯರ ಜೊತೆ ಯುದ್ಧ. ಮೋಶೆ ಕೈ ಎತ್ತಿ ಹಿಡಿದಿದ್ದ, ಕೈ ಸೋತಿತು. ಆರೋನ, ಹೂರ ಇಬ್ಬರೂ ಅವನನ್ನು ಒಂದು ಕಲ್ಲಿನ ಮೇಲೆ ಕೂರಿಸಿ ಆಚೆ ಈಚೆ ನಿಂತು ಕೈ ಹಿಡಿದುಕೊಂಡರು. ಹೊತ್ತು ಮುಳುಗುವವರೆಗೆ ಅವನ ಕೈ "ಎಮುನಾ" ಆಗಿತ್ತು ಅಂತ ಇದೆ. ಅಲುಗಾಡದೆ ಇತ್ತು ಅಂತ ಅರ್ಥ. ಅವನ ಸ್ವಂತ ಬಲದಿಂದಲ್ಲ ಅನ್ನುವುದು ನೋಡಿ.

ಪ್ರಲಾಪಗಳು 3:22ರ ಕರುಣೆಗೆ "ರಹಮೀಮ್". "ರೆಹೆಮ್" ಅಂದರೆ ಗರ್ಭ. ಎರಡಕ್ಕೂ ಬೇರು ಒಂದೇ.

ಯೋನ_ಮೀನಿನೊಳಗಿಂದ
ಎರಡಾಯಿತು.

ಪದಕೋಶ
ಎರಡನೆಯದು ಉಚಿತ.

ನಾಲ್ಕು_ಗಂಟೆ
ನಮ್ಮ ವಾರ್ಡಿನ ಒಂದು ಮಾತು ಹೇಳುತ್ತೇನೆ. ಡಯಾಲಿಸಿಸ್ ಕಿಡ್ನಿಯನ್ನು ವಾಸಿ ಮಾಡುವುದಿಲ್ಲ. ಇವತ್ತು ರಕ್ತ ಶುದ್ಧ, ಎರಡು ದಿನಕ್ಕೆ ಮತ್ತೆ ಹಾಗೇ. ಹೊಸದಾಗಿ ಬಂದವರು "ಇಷ್ಟೇನಾ" ಅಂತ ಅಳುತ್ತಾರೆ. ನನಗೆ ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರ, ಮನ್ನ, ನೆನಪಾಗುತ್ತದೆ. ಅವತ್ತಿನದು ಅವತ್ತಿಗೆ. ಜಾಸ್ತಿ ಕೂಡಿಟ್ಟರೆ ಹುಳ ಬೀಳುತ್ತಿತ್ತು. ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡು ಪಾಲು, ಅದು ಕೆಡುತ್ತಿರಲಿಲ್ಲ.

ಈ ಮೆಷಿನ್ನಿಗೂ ಒಂದು ಕಾಯುವಿಕೆಯ ಕಥೆ ಇದೆ. ವಿಲೆಮ್ ಕೋಲ್ಫ್ ಅನ್ನುವ ಡಚ್ ಡಾಕ್ಟರು 1943ರಲ್ಲಿ, ಯುದ್ಧದ ನಡುವೆ, ಇದನ್ನು ಮೊದಲು ಕಟ್ಟಿ ರೋಗಿಗಳಿಗೆ ಹಾಕಿದರು. ಮೊದಲ ರೋಗಿಗಳಲ್ಲಿ ಹೆಚ್ಚಿನವರು ಉಳಿಯಲಿಲ್ಲ. 1945ರಲ್ಲಿ ಒಬ್ಬ ವೃದ್ಧೆ ಉಳಿದರು. 1954ರ ಡಿಸೆಂಬರ್ 23ಕ್ಕೆ ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರೆ ಅವಳಿ ಜವಳಿ ಅಣ್ಣತಮ್ಮಂದಿರ ನಡುವೆ ಕಿಡ್ನಿ ಕಸಿ ಮಾಡಿದರು. ಅದು ನಿಂತಿತು. ಅದಕ್ಕೆ ಮುಂಚೆ ಕಾಯಲು ಲಿಸ್ಟೇ ಇರಲಿಲ್ಲ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ಸೂಜಿ ಚುಚ್ಚುವಾಗ ನನ್ನ ತಲೆಯಲ್ಲಿ ಓಡುವುದು ಇದು, ಅಷ್ಟೇ.

ಎಚ್ಚರವಿದ್ದವಳು
ಇದನ್ನು ನಮ್ಮವರಿಗೆ ಓದಿ ಹೇಳಿದೆ. "ಎಲ್ಲರಿಗೂ ಕರುಣೆ ದಿನಾ ಬೆಳಿಗ್ಗೆ, ನನಗೆ ಸೋಮವಾರ, ಬುಧವಾರ, ಶುಕ್ರವಾರ" ಅಂದರು. ಈ ಮನುಷ್ಯನನ್ನು ಕಟ್ಟಿಕೊಂಡು ಏನು ಮಾಡುವುದು ಹೇಳಿ.

ನಾಳೆ ಶುಕ್ರವಾರ. ಆರು ಗಂಟೆಯ ಬ್ಯಾಚ್, ಐದಕ್ಕೆ ಹೊರಡಬೇಕು.

ರಾತ್ರಿಪಾಳಿ
130ನೇ ಕೀರ್ತನೆಯಲ್ಲಿ ಬೆಳಗಾಗುವುದನ್ನು ಕಾಯುವ ಕಾವಲುಗಾರರ ಮಾತು ಎರಡು ಸಲ ಬರುತ್ತದಲ್ಲ, ಯಾಕೆ ಎರಡು ಸಲ ಅಂತ ರಾತ್ರಿ ಕೆಲಸ ಮಾಡಿದವರಿಗೆ ಗೊತ್ತು. ಮೂರರಿಂದ ಐದರವರೆಗೆ ಗಡಿಯಾರ ನಡೆಯುವುದೇ ಇಲ್ಲ. ಐದಕ್ಕೆ ನಾನು ಕೊನೇ ರೌಂಡಿನಲ್ಲಿ ಇರುತ್ತೇನೆ ಅಕ್ಕ. ಹೊರಡುವಾಗ ಒಂದು ಮೆಸೇಜ್ ಹಾಕಿ. ಏನೂ ಬರೆಯಬೇಡಿ, ಒಂದು ಚುಕ್ಕಿ ಸಾಕು.

ಎಚ್ಚರವಿದ್ದವಳು
.

ರಾತ್ರಿಪಾಳಿ
ನೋಡಿದೆ.

ಸಾಸಿವೆಕಾಳು
ಸಿಸ್ಟರ್, ಮೊದಲ ದಿನ ನಾನು ಬರೆದದ್ದು ಅವಸರದ ಉತ್ತರ. ಬಸ್ಸಿನಲ್ಲಿ ನಿಂತುಕೊಂಡು ಬರೆದೆ. ಆಮೇಲೆ ಪೂರ್ತಿ ಓದಿದೆ. ನಿನ್ನೆ ಅಂಗದಾನಕ್ಕೆ ನನ್ನ ಹೆಸರು ನೋಂದಾಯಿಸಿದೆ. ನಿಮಗೆ ಉಪಯೋಗವಿಲ್ಲ ಗೊತ್ತು, ನಾನು ಗಟ್ಟಿಮುಟ್ಟಾಗಿದ್ದೇನೆ. ಸುಮ್ನೆ ಹೇಳಿದೆ.

ನಾಲ್ಕು_ಗಂಟೆ
ಒಳ್ಳೆಯದು. ಆದರೆ ಮನೆಯವರಿಗೆ ಹೇಳಿದಿರಾ? ಕಾರ್ಡು ಇದ್ದರೂ ಆ ಹೊತ್ತಿಗೆ ಕೇಳುವುದು ಅವರನ್ನೇ. ಅವರಿಗೆ ಗೊತ್ತಿಲ್ಲದಿದ್ದರೆ ಕಾರಿಡಾರಿನಲ್ಲಿ ಮತ್ತೆ ಐದು ಗಂಟೆ.

ಸಾಸಿವೆಕಾಳು
ಈಗ ತಾನೇ ಹೇಳಿದೆ. ಅಮ್ಮ ಮಾತು ಬಿಟ್ಟಿದ್ದಾಳೆ.

ಫೋನಿನ_ಆಚೆ
ಎರಡು ದಿನ ಬಿಟ್ಟು ಮತ್ತೆ ಹೇಳಿ. ನೀವೇ ಪಕ್ಕದಲ್ಲಿ ಕೂತು.